ಸಹಿಯ ನಂತರದ ಹದಿನಾರು ವರ್ಷ

1996ರ ಸೆಪ್ಟೆಂಬರ್ ತಿಂಗಳ ಮೊದಲ ಹತ್ತು ದಿನಗಳಲ್ಲಿ ಭಾರತ ವಿಶ್ವಸಂಸ್ಥೆಯಲ್ಲಿ ಎರಡು ನಿರ್ಧಾರಗಳನ್ನು ದಾಖಲಿಸಿತು. ಅವುಗಳಲ್ಲಿ ಒಂದು ದೇಶದ ತುಂಬ ಚರ್ಚೆಯಾಯಿತು. ಸೆಪ್ಟೆಂಬರ್ 10ರಂದು ಅಣ್ವಸ್ತ್ರ ಪರೀಕ್ಷೆಗಳ ಸಮಗ್ರ ನಿಷೇಧ ಒಪ್ಪಂದ, ಅಂದರೆ ಸಿಟಿಬಿಟಿ, ಮಹಾಸಭೆಯಲ್ಲಿ ಮತಕ್ಕೆ ಬಂದಾಗ 158 ದೇಶಗಳು ಅದರ ಪರ ನಿಂತವು. ವಿರುದ್ಧ ಮತ ಹಾಕಿದ್ದು ಭಾರತ, ಭೂತಾನ್ ಮತ್ತು ಲಿಬಿಯಾ ಮಾತ್ರ. ಅಷ್ಟು ಹೊತ್ತಿಗಾಗಲೇ ಜಿನೀವಾದ ಮಾತುಕತೆಯಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್ ಈ ಒಪ್ಪಂದಕ್ಕೆ ಭಾರತ ಸಹಿ ಹಾಕುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಮನೆಮಾತಾಗಿದ್ದರು.

ಇನ್ನೊಂದು ನಿರ್ಧಾರ ಅದಕ್ಕೆ ಒಂದು ವಾರ ಮೊದಲಿನದು. ಸೆಪ್ಟೆಂಬರ್ 3ರಂದು ಭಾರತ ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದದ ಅನುಮೋದನೆ ಪತ್ರವನ್ನು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಸಲ್ಲಿಸಿತು. ಆಗ ಪ್ರಧಾನಿಯಾಗಿದ್ದವರು ಹರದನಹಳ್ಳಿಯ ಎಚ್.ಡಿ. ದೇವೇಗೌಡರು, ವಿದೇಶಾಂಗ ಸಚಿವರು ಐ.ಕೆ. ಗುಜ್ರಾಲ್. ಗೌಡರ ಹನ್ನೊಂದು ತಿಂಗಳ ಆಡಳಿತವನ್ನು ನೆನೆಯುವ ಕನ್ನಡಿಗರು ಫರಕ್ಕಾ ನೀರಿನ ಒಪ್ಪಂದವನ್ನೂ ಸಿಟಿಬಿಟಿಗೆ ಒಲ್ಲೆನೆಂದದ್ದನ್ನೂ ಹೇಳುತ್ತಾರೆ. ಈ ಅನುಮೋದನೆಯ ಮಾತು ಬರುವುದೇ ಇಲ್ಲ. ಆದರೆ ನಮ್ಮ ದೇಶ ತನ್ನ ಬಳಿಯಿದ್ದ ಒಂದು ಇಡೀ ಬಗೆಯ ಅಸ್ತ್ರವನ್ನು, ಪರದೇಶದ ತಪಾಸಕರ ಕಣ್ಣೆದುರಿಗೆ, ಕೊನೆಯ ಹನಿಯವರೆಗೆ ನಾಶಮಾಡಿದ್ದು ಆ ಪತ್ರದ ದೆಸೆಯಿಂದ. ಸ್ವತಂತ್ರ ಭಾರತದ ನಿಶ್ಶಸ್ತ್ರೀಕರಣದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕೆಲಸ ನನಗೆ ಕಾಣುವುದಿಲ್ಲ.

ಒಂದೇ ಸರ್ಕಾರ ಒಂದಕ್ಕೆ ಒಲ್ಲೆ ಎಂದು ಇನ್ನೊಂದನ್ನು ಒಪ್ಪಿದ್ದು ಹೊಯ್ದಾಟವಲ್ಲ. ಸಿಟಿಬಿಟಿಯ ಪ್ರಕಾರ ಅಣುಬಾಂಬ್ ಇದ್ದವರು ಇಟ್ಟುಕೊಂಡೇ ಇರಬಹುದಿತ್ತು; ಅದನ್ನು ಯಾವಾಗ ಬಿಡಬೇಕು ಎಂಬುದಕ್ಕೆ ಗಡುವೇ ಇರಲಿಲ್ಲ. ಅದರ ಮೇಲೆ, ಒಪ್ಪಂದ ಜಾರಿಗೆ ಬರಬೇಕಾದರೆ ಭಾರತವೂ ಸೇರಿದಂತೆ ಹೆಸರಿಸಿದ 44 ದೇಶಗಳ ಅನುಮೋದನೆ ಕಡ್ಡಾಯ ಎಂಬ ಷರತ್ತು ಬೇರೆ. ರಾಸಾಯನಿಕ ಅಸ್ತ್ರಗಳ ಒಪ್ಪಂದದಲ್ಲಿ ಇಂಥ ಪಂಕ್ತಿಭೇದ ಇರಲಿಲ್ಲ. ಅಮೆರಿಕಕ್ಕೂ ಅಲ್ಬೇನಿಯಾಕ್ಕೂ ಒಂದೇ ನಿಯಮ, ಒಂದೇ ಗಡುವು, ಒಂದೇ ತಪಾಸಣೆ. ತನಗೆ ಬೇಡವಾದ ಕಲಮು ಬಿಟ್ಟು ಉಳಿದದ್ದಕ್ಕೆ ಒಪ್ಪಿಗೆ ಕೊಡುತ್ತೇನೆ ಎನ್ನಲು ಯಾವ ದೇಶಕ್ಕೂ ಅವಕಾಶವಿಲ್ಲ. ಭಾರತ ಬೇರೆ ವೇದಿಕೆಗಳಲ್ಲಿ ದಶಕಗಳಿಂದ ಕೇಳುತ್ತಿದ್ದ ಸಮಾನತೆ ಇಲ್ಲಿ ಲಿಖಿತವಾಗಿ ಸಿಕ್ಕಿತ್ತು.

ಸಿಟಿಬಿಟಿಯ ಬಗ್ಗೆ ಇಲ್ಲೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಾವು ಆ ಒಪ್ಪಂದದಿಂದ ಹೊರಗಿದ್ದೇವೆ. ಆದರೆ 1960ರ ದಶಕದಲ್ಲಿ ಬ್ರಿಟನ್ನಿನ ಸಹಕಾರದಿಂದ ಗೌರಿಬಿದನೂರಿನಲ್ಲಿ ಶುರುವಾದ ಭೂಕಂಪನ ಮಾಪನ ಕೇಂದ್ರ ಭೂಮಿಯೊಳಗಿನ ಅಣುಸ್ಫೋಟಗಳ ಕಂಪನವನ್ನೂ ದಾಖಲಿಸುತ್ತ ಬಂದಿದೆ. ಒಬ್ಬರು ಮಾತಿಗೆ ತಪ್ಪಿದರೆ ಇನ್ನೊಬ್ಬರಿಗೆ ಗೊತ್ತಾಗುವ ಏರ್ಪಾಡು ಇಲ್ಲದೆ ಶಸ್ತ್ರ ನಿಯಂತ್ರಣ ನಡೆಯುವುದಿಲ್ಲ. ರಾಸಾಯನಿಕ ಅಸ್ತ್ರಗಳ ವಿಚಾರದಲ್ಲಿ ಈ ಏರ್ಪಾಡು ಕಾರ್ಖಾನೆಯ ಗೇಟಿನ ಒಳಗೇ ಬರಬೇಕಾಗುತ್ತದೆ.

ರಾವಲ್ಪಿಂಡಿಯ ಗ್ಯಾಸ್ ಕೋಣೆ

ಭಾರತದ ಬಳಿ ಇದ್ದದ್ದು ಸಲ್ಫರ್ ಮಸ್ಟರ್ಡ್. ಮಸ್ಟರ್ಡ್ ಗ್ಯಾಸ್ ಎಂದು ಕರೆದರೂ ಅದು ಎಣ್ಣೆಯಂತೆ ಮಂದವಾದ ದ್ರವ; ಶುದ್ಧವಾಗಿದ್ದರೆ ಬಣ್ಣವಿಲ್ಲ, ಕಲಬೆರಕೆಯಾಗಿದ್ದರೆ ಹಳದಿಯಿಂದ ಕಂದು. ವಾಸನೆ ಸಾಸಿವೆಯದೋ ಬೆಳ್ಳುಳ್ಳಿಯದೋ ಎಂಬಂತೆ. ಮೈಮೇಲೆ ಬಿದ್ದ ಗಳಿಗೆಯಲ್ಲಿ ನೋವೇ ಆಗುವುದಿಲ್ಲ. ಕೆಲವು ತಾಸು ಕಳೆದ ಮೇಲೆ ಚರ್ಮ ಕೆಂಪೇರುತ್ತದೆ, ಬೊಬ್ಬೆ ಏಳುತ್ತದೆ, ಕಣ್ಣು ಊದಿಕೊಂಡು ಮುಚ್ಚುತ್ತದೆ, ಗಂಟಲು ಮತ್ತು ಶ್ವಾಸಕೋಶದ ಒಳಪದರ ಸುಡುತ್ತದೆ. ಬೆವರು ಹೆಚ್ಚಿರುವ ಕಂಕುಳು, ತೊಡೆಸಂದಿಗಳಲ್ಲಿ ಗಾಯ ಎಲ್ಲಕ್ಕಿಂತ ಘೋರ. ನೆಲ, ಬಟ್ಟೆ, ಬೂಟುಗಳಿಗೆ ಅಂಟಿಕೊಂಡು ದಿನಗಟ್ಟಲೆ ಉಳಿಯುತ್ತದೆ. ಸತ್ತವರಿಗಿಂತ ಬದುಕುಳಿದು ನರಳುವವರೇ ಹೆಚ್ಚು. ಜರ್ಮನ್ ಸೇನೆ ಇದನ್ನು ಮೊದಲು ಬಳಸಿದ್ದು 1917ರ ಜುಲೈನಲ್ಲಿ, ಬೆಲ್ಜಿಯಂನ ಈಪ್ರ್ ಪಟ್ಟಣದ ಹತ್ತಿರ.

ಅದಕ್ಕೆ ಎರಡು ವರ್ಷ ಮೊದಲು, 1915ರ ಏಪ್ರಿಲ್ 22ರಂದು, ಅದೇ ಈಪ್ರ್‌ನಲ್ಲಿ ಕ್ಲೋರಿನ್ ಮೋಡ ಎದ್ದಿತ್ತು. ನಾಲ್ಕು ದಿನಗಳ ನಂತರ ಅಲ್ಲಿಗೆ ದಾಳಿಗೆ ಇಳಿದದ್ದು ಭಾರತೀಯ ಸೇನೆಯ ಲಾಹೋರ್ ಡಿವಿಷನ್. ಕೈಯಲ್ಲಿ ಗ್ಯಾಸ್ ಮಾಸ್ಕ್ ಇಲ್ಲದ ಆ ಸೈನಿಕರ ಮೇಲೂ ಕ್ಲೋರಿನ್ ಹರಿಯಿತು. ಅಧಿಕಾರಿಗಳೆಲ್ಲ ಬಿದ್ದ ಮೇಲೆ ತುಕಡಿಯನ್ನು ಹಿಡಿದಿಟ್ಟುಕೊಂಡು, ಗಾಯಾಳುಗಳನ್ನು ಹೊತ್ತು ತಂದ ಜಮಾದಾರ್ ಮೀರ್ ದಸ್ತ್‌ಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಆ ಗ್ಯಾಸಿನ ಪೆಟ್ಟು ಅವರನ್ನು ಆಮೇಲೂ ಬಿಡಲಿಲ್ಲ. ಆಧುನಿಕ ರಾಸಾಯನಿಕ ಯುದ್ಧಕ್ಕೆ ಮೊದಮೊದಲು ಬಲಿಯಾದವರಲ್ಲಿ ನಮ್ಮ ಉಪಖಂಡದ ರೈತಾಪಿ ಮಕ್ಕಳೂ ಇದ್ದರು ಎಂಬುದು ನಮ್ಮ ಶಾಲಾ ಪಠ್ಯಗಳಲ್ಲಿ ಬರಬೇಕಾದ ಸಂಗತಿ.

ಇನ್ನೂ ಕೆಟ್ಟದ್ದು ಶುರುವಾದದ್ದು ಶಾಂತಿಯ ಕಾಲದಲ್ಲಿ. ಬ್ರಿಟನ್ನಿನ ಪೋರ್ಟನ್ ಡೌನ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1930ರ ದಶಕದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ರಾವಲ್ಪಿಂಡಿಯ ಸೇನಾ ನೆಲೆಯಲ್ಲಿ ನೂರಾರು ಭಾರತೀಯ ಸೈನಿಕರ ಮೇಲೆ ಮಸ್ಟರ್ಡ್ ಗ್ಯಾಸ್ ಪ್ರಯೋಗ ಮಾಡಿದರು. ಚಡ್ಡಿ, ಹತ್ತಿಯ ಅಂಗಿ ತೊಟ್ಟ ಸಿಪಾಯಿಗಳನ್ನು ಗ್ಯಾಸ್ ತುಂಬಿದ ಕೋಣೆಗೆ ಕಳುಹಿಸಿದರು. ಭಾರತೀಯರ ಚರ್ಮಕ್ಕೂ ಬ್ರಿಟಿಷರ ಚರ್ಮಕ್ಕೂ ಸುಡುವುದರಲ್ಲಿ ವ್ಯತ್ಯಾಸವಿದೆಯೇ ಎಂದು ನೋಡುವುದು ಆ ಪ್ರಯೋಗದ ಉದ್ದೇಶಗಳಲ್ಲಿ ಒಂದಾಗಿತ್ತು. ಕೆಲವರು ತೀವ್ರ ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಕಾಗದಗಳಿಂದ ಈ ಸಂಗತಿ 2007ರಲ್ಲಿ ಪತ್ರಿಕೆಗಳಿಗೆ ಬಂತು. ಇಂಥ ಗ್ಯಾಸನ್ನೇ ಸ್ವತಂತ್ರ ಭಾರತ ಮುಂದೆ ತಾನೂ ತಯಾರಿಸಿ ಇಟ್ಟುಕೊಂಡಿತು ಎಂಬುದು ಮನಸ್ಸಿಗೆ ಸುಲಭವಾಗಿ ಇಳಿಯುವ ಮಾತಲ್ಲ.

ಹಾಗಾದರೆ ಆಗ ನಿಷೇಧವಿರಲಿಲ್ಲವೇ? ಇತ್ತು. 1925ರ ಜಿನೀವಾ ಪ್ರೊಟೊಕಾಲ್ ವಿಷಾನಿಲವನ್ನು ಯುದ್ಧದಲ್ಲಿ ಬಳಸಬಾರದು ಎಂದಿತು. ತಯಾರಿಸಬಾರದು, ದಾಸ್ತಾನು ಮಾಡಬಾರದು ಎನ್ನಲಿಲ್ಲ. ಅನೇಕ ದೇಶಗಳು, ಶತ್ರು ಮೊದಲು ಬಳಸಿದರೆ ನಾವೂ ಬಳಸುತ್ತೇವೆ ಎಂಬ ಷರತ್ತು ಸೇರಿಸಿಯೇ ಒಪ್ಪಿಗೆ ಕೊಟ್ಟವು. ಹಾಗಾಗಿ ಎಲ್ಲರ ಉಗ್ರಾಣಗಳೂ ತುಂಬಿದವು. 1980ರ ದಶಕದಲ್ಲಿ ಇರಾಕ್ ಇರಾನಿನ ಮೇಲೆ ಮಸ್ಟರ್ಡ್ ಮತ್ತು ನರಾನಿಲಗಳನ್ನು ಮತ್ತೆ ಮತ್ತೆ ಪ್ರಯೋಗಿಸಿತು. 1987ರ ಜೂನ್‌ನಲ್ಲಿ ಸರ್ದಶ್ತ್ ಪಟ್ಟಣ, 1988ರ ಮಾರ್ಚ್ 16ರಂದು ಇರಾಕಿನದೇ ಕುರ್ದಿ ಪಟ್ಟಣ ಹಲಬ್ಜಾ. ಹಲಬ್ಜಾದಲ್ಲಿ ಸುಮಾರು 5,000 ಜನ ಸತ್ತರು. ಇರಾನಿನಲ್ಲಿ ಅಂದಿನ ಮಸ್ಟರ್ಡ್‌ನಿಂದ ಶ್ವಾಸಕೋಶ ಹಾಳಾದವರು ಇಂದಿಗೂ ಚಿಕಿತ್ಸೆಯಲ್ಲಿದ್ದಾರೆ. ಬಳಕೆಯನ್ನಷ್ಟೇ ನಿಷೇಧಿಸಿದರೆ ಆಗದು, ವಸ್ತುವೇ ಇಲ್ಲದಂತೆ ಮಾಡಬೇಕು ಎಂಬುದು ಜಿನೀವಾದಲ್ಲಿ ಕುಳಿತಿದ್ದ ಸಂಧಾನಕಾರರಿಗೆ ಖಚಿತವಾದದ್ದು ಈ ಸಾವುಗಳ ಎದುರಿನಲ್ಲಿ. ಹೊಸ ಒಪ್ಪಂದ 1993ರ ಜನವರಿ 13ರಂದು ಪ್ಯಾರಿಸ್‌ನಲ್ಲಿ ಸಹಿಗೆ ತೆರೆಯಿತು. ಮೂರೇ ದಿನಗಳಲ್ಲಿ 130 ದೇಶಗಳು ಸಹಿ ಹಾಕಿದವು. ಭಾರತದ ಸಹಿ ಎರಡನೆಯ ದಿನ, ಜನವರಿ 14ರಂದು ಬಿತ್ತು.

1,044 ಟನ್

ಸಹಿ ಎಂದರೆ ಮಾತು ಕೊಟ್ಟಂತೆ. ಕಟ್ಟು ಬೀಳುವುದು ಅನುಮೋದನೆಯ ನಂತರ. ಅದನ್ನು ಯಾರು ಕೊಡಬೇಕು ಎಂಬುದು ಆಯಾ ದೇಶದ ಸಂವಿಧಾನಕ್ಕೆ ಬಿಟ್ಟದ್ದು. ಅಮೆರಿಕದಲ್ಲಿ ಸೆನೆಟ್‌ನ ಮೂರನೇ ಎರಡು ಬಹುಮತ ಬೇಕು. ಅಲ್ಲಿ ವಿದೇಶಾಂಗ ಸಮಿತಿಯ ಅಧ್ಯಕ್ಷ ಜೆಸ್ಸಿ ಹೆಲ್ಮ್ಸ್ ಈ ಒಪ್ಪಂದವನ್ನು ಗಟ್ಟಿಯಾಗಿ ವಿರೋಧಿಸಿದರು. ತಿಂಗಳುಗಟ್ಟಲೆ ವಾದ ನಡೆದು, 28 ಷರತ್ತುಗಳು ಸೇರಿ, ಕೊನೆಗೆ 1997ರ ಏಪ್ರಿಲ್ 24ರಂದು 74-26 ಮತಗಳಿಂದ ಪಾಸಾಯಿತು. ಒಪ್ಪಂದ ಜಾರಿಗೆ ಬರಲು ಐದೇ ದಿನ ಉಳಿದಿತ್ತು. ಭಾರತದಲ್ಲಿ ಅನುಮೋದನೆ ಕೇಂದ್ರ ಸಚಿವ ಸಂಪುಟದ ತೀರ್ಮಾನ. ಸಂಸತ್ತಿನಲ್ಲಿ ಮತ ಹಾಕಿಸಲೇಬೇಕೆಂಬ ಕಟ್ಟಳೆ ಸಂವಿಧಾನದಲ್ಲಿಲ್ಲ. ಹಾಗಾಗಿ ನಮ್ಮದು ಬೇಗ ಮುಗಿಯಿತು.

ಬೇಗ ಎಂದರೆ ಹಗುರವಾಗಿ ಎಂದಲ್ಲ. 65ನೇ ದೇಶ ಅನುಮೋದಿಸಿ 180 ದಿನ ಕಳೆದ ಮೇಲೆ ಒಪ್ಪಂದ ಜಾರಿಗೆ ಬರಬೇಕಿತ್ತು. ಭಾರತ ಒಪ್ಪಿಗೆ ಕೊಟ್ಟಾಗ ಆ ಸಂಖ್ಯೆ ತುಂಬಿರಲಿಲ್ಲ. ಜಗತ್ತಿನ ಅತಿದೊಡ್ಡ ದಾಸ್ತಾನು ಇಟ್ಟುಕೊಂಡಿದ್ದ ರಷ್ಯಾ ಮತ್ತು ಅಮೆರಿಕ ಇನ್ನೂ ಹೊರಗಿದ್ದವು. ಪಾಕಿಸ್ತಾನ ಮತ್ತು ಚೀನಾ ಕೂಡ ಅನುಮೋದಿಸಿರಲಿಲ್ಲ. ಎದುರಿನವರು ಏನು ಮಾಡುತ್ತಾರೋ ನೋಡೋಣ ಎಂದು ಕಾಯುವುದಕ್ಕೆ ಬೇಕಾದಷ್ಟು ನೆಪಗಳಿದ್ದವು. 1996ರ ಅಕ್ಟೋಬರ್ ಕೊನೆಯಲ್ಲಿ ಹಂಗೆರಿ 65ನೆಯದಾಗಿ ಸೇರಿತು. 1997ರ ಏಪ್ರಿಲ್ 29ರಂದು ಒಪ್ಪಂದಕ್ಕೆ ಜೀವ ಬಂತು, ಹೇಗ್ ನಗರದಲ್ಲಿ ಅದನ್ನು ನೋಡಿಕೊಳ್ಳುವ ಒಪಿಸಿಡಬ್ಲ್ಯು ಸಂಸ್ಥೆ ಬಾಗಿಲು ತೆರೆಯಿತು.

ನಿಜವಾದ ಪರೀಕ್ಷೆ ಎದುರಾದದ್ದು ಆಮೇಲೆ. ಸದಸ್ಯ ದೇಶ 30 ದಿನಗಳೊಳಗೆ ತನ್ನ ಬಳಿ ಏನಿದೆ, ಎಲ್ಲಿದೆ, ಎಷ್ಟಿದೆ ಎಂದು ಬರೆದುಕೊಡಬೇಕು. 1992ರ ಆಗಸ್ಟ್ 19ರಂದು ಭಾರತ ಮತ್ತು ಪಾಕಿಸ್ತಾನ ಹೊಸದಿಲ್ಲಿಯಲ್ಲಿ ಜಂಟಿ ಘೋಷಣೆ ಹೊರಡಿಸಿ, ಯಾವ ಸಂದರ್ಭದಲ್ಲೂ ರಾಸಾಯನಿಕ ಅಸ್ತ್ರ ತಯಾರಿಸುವುದಿಲ್ಲ, ಬಳಸುವುದಿಲ್ಲ ಎಂದು ಮಾತು ಕೊಟ್ಟಿದ್ದವು. ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದೇ ದೇಶದ ಜನ ನಂಬಿಕೊಂಡಿದ್ದರು. 1997ರ ಜೂನ್‌ನಲ್ಲಿ, ಗುಜ್ರಾಲ್ ಪ್ರಧಾನಿಯಾಗಿದ್ದಾಗ, ಭಾರತ ತನ್ನಲ್ಲಿ ಈ ಅಸ್ತ್ರಗಳಿವೆ ಎಂದು ಘೋಷಿಸಿತು. ಮಸ್ಟರ್ಡ್ ಲೆಕ್ಕ 1,044 ಟನ್.

ಇಸ್ಲಾಮಾಬಾದ್ ಸಿಟ್ಟಾದದ್ದು ಸಹಜ. ಒಳಗೂ ಇರಿಸುಮುರಿಸಾಯಿತು. ಮುಚ್ಚಿಟ್ಟದ್ದು ತಪ್ಪು, ಅದನ್ನು ತಪ್ಪೆಂದೇ ಹೇಳಬೇಕು. ಆದರೆ ಆ ಜೂನ್‌ನಲ್ಲಿ ದಿಲ್ಲಿಯ ಎದುರು ಇದ್ದ ಇನ್ನೊಂದು ದಾರಿಯನ್ನೂ ನೆನೆಯಬೇಕು. ಗುಟ್ಟಾಗಿ ದಾಸ್ತಾನನ್ನು ಕರಗಿಸಿ, ಇಲ್ಲವೇ ಇಟ್ಟುಕೊಂಡೇ, ಏನೂ ಇಲ್ಲ ಎಂದು ಬರೆದುಕೊಡಬಹುದಿತ್ತು. ಹಾಗೆ ಬರೆದುಕೊಟ್ಟಿದ್ದರೆ ಆ ಮೊದಲ ದಿನಗಳಲ್ಲಿ ಹಿಡಿಯುವವರು ಯಾರಿದ್ದರು? ತನ್ನದೇ ಹಿಂದಿನ ನಿಲುವು ಎಲ್ಲರೆದುರು ಮುರಿದು ಬೀಳುತ್ತದೆ ಎಂದು ತಿಳಿದೂ ಒಂದು ಸರ್ಕಾರ ನಿಜವಾದ ಅಂಕಿ ಕೊಟ್ಟಿತು. ದೇಶದ ಘನತೆ ಎಂದರೆ ನನಗೆ ಅರ್ಥವಾಗುವುದು ಇಂಥದ್ದೇ.

ನಾಶದ ಕೆಲಸಕ್ಕೂ ಒಪ್ಪಂದವೇ ಕಂತು ಗೊತ್ತುಮಾಡಿತ್ತು. ಜಾರಿಯಾದ ಮೂರು ವರ್ಷಕ್ಕೆ ಶೇ 1, ಐದಕ್ಕೆ ಶೇ 20, ಏಳಕ್ಕೆ ಶೇ 45, ಹತ್ತಕ್ಕೆ ಪೂರ್ತಿ. ಸಮುದ್ರಕ್ಕೆ ಸುರಿಯುವಂತಿಲ್ಲ, ಹೂಳುವಂತಿಲ್ಲ, ಬಯಲಲ್ಲಿ ಸುಡುವಂತಿಲ್ಲ. ವಿಷವನ್ನು ರಾಸಾಯನಿಕವಾಗಿ ಒಡೆದು, ಮತ್ತೆಂದೂ ಅಸ್ತ್ರವಾಗದಂತೆ ಮಾಡಬೇಕು. ಹೇಗ್‌ನಿಂದ ಬಂದ ತಪಾಸಕರು ಅಲ್ಲೇ ನಿಂತು ತೂಕ, ಮುದ್ರೆ, ಲೆಕ್ಕ ನೋಡಬೇಕು. ಭಾರತಕ್ಕೆ 2007ರ ಗಡುವಿನಲ್ಲಿ ಮುಗಿಸಲಾಗಲಿಲ್ಲ. 2009ರ ಏಪ್ರಿಲ್‌ವರೆಗೆ ವಿಸ್ತರಣೆ ಪಡೆದು ಮಾರ್ಚ್‌ನಲ್ಲೇ ಮುಗಿಸಿತು. ನಮಗಿಂತ ಮೊದಲು ಮುಗಿಸಿದ್ದು ಎರಡೇ ದೇಶಗಳು: ಬೆಟ್ಟದ ಬಂಕರ್‌ನಲ್ಲಿ ಸುಮಾರು 16 ಟನ್ ಇಟ್ಟುಕೊಂಡಿದ್ದ ಅಲ್ಬೇನಿಯಾ, ಮತ್ತು ತನ್ನ ಹೆಸರನ್ನು ಬಹಿರಂಗಪಡಿಸಬಾರದೆಂದು ಸಂಸ್ಥೆಯನ್ನು ಕೇಳಿಕೊಂಡಿದ್ದ ದಕ್ಷಿಣ ಕೊರಿಯಾ. ರಷ್ಯಾ ಮುಗಿಸಿದ್ದು 2017ರಲ್ಲಿ, ಅಮೆರಿಕ 2023ರ ಜುಲೈನಲ್ಲಿ. ಸದಸ್ಯ ದೇಶಗಳು ಘೋಷಿಸಿದ್ದ 72,000 ಟನ್ನಿಗೂ ಹೆಚ್ಚು ವಿಷ ಹೀಗೆ ಭೂಮಿಯ ಮೇಲಿಂದ ಹೋಯಿತು.

ಬಾಲ್‌ಪೆನ್ನಿನ ಶಾಯಿ, ಹರಳಿನ ಹಿಂಡಿ

ದಾಸ್ತಾನು ನಾಶವಾದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಕೊನೆಯೇ ಇಲ್ಲ, ಏಕೆಂದರೆ ಈ ಅಸ್ತ್ರದ ಕಚ್ಚಾವಸ್ತು ದಿನನಿತ್ಯದ ಕೈಗಾರಿಕೆಯೊಳಗೇ ಇದೆ. ಅದಕ್ಕಾಗಿ ಪ್ರತಿ ದೇಶವೂ ತನ್ನ ನೆಲದಲ್ಲಿ ಕಾನೂನು ಮಾಡಬೇಕು, ತಪ್ಪು ಮಾಡಿದವರಿಗೆ ಶಿಕ್ಷೆ ಗೊತ್ತುಮಾಡಬೇಕು, ಒಂದು ರಾಷ್ಟ್ರೀಯ ಪ್ರಾಧಿಕಾರ ನೇಮಿಸಬೇಕು. ಭಾರತದಲ್ಲಿ ಆ ಪ್ರಾಧಿಕಾರ ಸಂಪುಟ ಸಚಿವಾಲಯದ ಅಡಿಯಲ್ಲಿದೆ. ಕಾನೂನಿನ ವಿಷಯದಲ್ಲಿ ಮಾತ್ರ ನಾವು ತಡ ಮಾಡಿದೆವು. ಅನುಮೋದನೆ 1996ರಲ್ಲಿ, ರಾಸಾಯನಿಕ ಅಸ್ತ್ರಗಳ ಒಪ್ಪಂದ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿದ್ದದ್ದು 2000ದ ಆಗಸ್ಟ್‌ನಲ್ಲಿ, ಕಾಯ್ದೆ ಜಾರಿಗೆ ಬಂದದ್ದು 2005ರ ಜುಲೈ 1ರಂದು. ಮಾತು ಕೊಟ್ಟು ಒಂಬತ್ತು ವರ್ಷದ ನಂತರ ಅದನ್ನು ಮುರಿದವರನ್ನು ಶಿಕ್ಷಿಸುವ ಅಧಿಕಾರ ಕೈಗೆ ಬಂತು. ಈ ಅಸ್ತ್ರಗಳನ್ನು ತಯಾರಿಸಿದರೆ, ಇಟ್ಟುಕೊಂಡರೆ, ಸಾಗಿಸಿದರೆ ಜೀವಾವಧಿ ಸೆರೆಯವರೆಗೂ ಶಿಕ್ಷೆಯಿದೆ.

ಒಪ್ಪಂದ ಅಪಾಯಕಾರಿ ರಾಸಾಯನಿಕಗಳನ್ನು ಮೂರು ಪಟ್ಟಿಗಳಲ್ಲಿ ಇಟ್ಟಿದೆ. ಮೊದಲನೆಯದು ಅಸ್ತ್ರವಾಗಿ ಅಲ್ಲದೆ ಬೇರೆ ಉಪಯೋಗ ಬಹುಮಟ್ಟಿಗೆ ಇಲ್ಲದವುಗಳ ಪಟ್ಟಿ: ಮಸ್ಟರ್ಡ್, ಸಾರಿನ್, ವಿಎಕ್ಸ್. ಸಂಶೋಧನೆ, ಔಷಧಗಳಿಗೆಂದು ಒಂದು ದೇಶ ಇವೆಲ್ಲ ಸೇರಿ ಒಂದು ಟನ್ ಮೀರಿ ಇಟ್ಟುಕೊಳ್ಳುವಂತಿಲ್ಲ. ಇದೇ ಪಟ್ಟಿಯಲ್ಲಿ ರೈಸಿನ್ ಎಂಬ ಹೆಸರೂ ಇದೆ. ರೈಸಿನ್ ಇರುವುದು ನಮ್ಮ ಹರಳಿನ ಬೀಜದಲ್ಲಿ. 1978ರಲ್ಲಿ ಲಂಡನ್ನಿನ ರಸ್ತೆಯಲ್ಲಿ ಬಲ್ಗೇರಿಯಾದ ಬರಹಗಾರ ಗಿಯೋರ್ಗಿ ಮಾರ್ಕೋವ್ ಅವರನ್ನು ಕೊಂದದ್ದು ತೊಡೆಗೆ ಚುಚ್ಚಿದ ಒಂದು ಸೂಕ್ಷ್ಮ ಗುಂಡಿನೊಳಗಿದ್ದ ರೈಸಿನ್. ಹರಳು ಬೆಳೆಯುವುದರಲ್ಲಿ ಭಾರತ ಜಗತ್ತಿಗೇ ಮೊದಲು. ಗುಜರಾತಿನಲ್ಲಿ ಹೆಚ್ಚು, ನಮ್ಮ ಬಯಲುಸೀಮೆಯ ಹೊಲದ ಅಂಚಿನಲ್ಲೂ ಉಂಟು. ಗಾಣದಲ್ಲಿ ಎಣ್ಣೆ ತೆಗೆದಾಗ ವಿಷ ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಅದಕ್ಕೇ ಹರಳೆಣ್ಣೆ ತಲೆಗೂ ಹೊಟ್ಟೆಗೂ ಆಗುತ್ತದೆ, ಹರಳಿನ ಹಿಂಡಿಯನ್ನು ದನಕ್ಕೆ ಹಾಕದೆ ಗೊಬ್ಬರಕ್ಕೆ ಹಾಕುತ್ತಾರೆ. ಹಾಗಾದರೆ ಎಣ್ಣೆ ಗಿರಣಿಗಳೆಲ್ಲ ಅಸ್ತ್ರದ ಕಾರ್ಖಾನೆಗಳೇ? ಈ ಪ್ರಶ್ನೆ ಹೇಗ್‌ನಲ್ಲಿ ನಿಜವಾಗಿಯೂ ಎದ್ದಿತು. ಹಿಂಡಿಯಿಂದ ರೈಸಿನ್ ಅನ್ನು ಬೇರ್ಪಡಿಸದ ಎಣ್ಣೆ ಗಿರಣಿಗಳಿಗೆ ಮೊದಲ ಪಟ್ಟಿಯ ಘೋಷಣೆಯ ಬಂಧನ ಬೇಡ ಎಂದು ತೀರ್ಮಾನವಾಯಿತು. ಒಪ್ಪಂದವನ್ನು ಜಾರಿಗೆ ತರುವುದೆಂದರೆ ಇಂಥ ನೂರು ಸಣ್ಣ ತೀರ್ಮಾನಗಳನ್ನು ವಿವೇಕದಿಂದ ಮಾಡುವುದು.

ಎರಡನೇ ಪಟ್ಟಿಯಲ್ಲಿ ಥಯೋಡೈಗ್ಲೈಕಾಲ್ ಇದೆ. ಬಾಲ್‌ಪೆನ್ನಿನ ಶಾಯಿಗೂ ಬಟ್ಟೆಗೆ ಬಣ್ಣ ಹಾಕುವುದಕ್ಕೂ ಬಳಕೆಯಾಗುವ ದ್ರಾವಕ ಅದು. ಅದನ್ನು ಕ್ಲೋರಿನ್ ಕೊಡುವ ಇನ್ನೊಂದು ರಾಸಾಯನಿಕದ ಜೊತೆ ಸೇರಿಸಿದರೆ ಮಸ್ಟರ್ಡ್ ತಯಾರಾಗುತ್ತದೆ. ಥಯೋಡೈಗ್ಲೈಕಾಲನ್ನು ವರ್ಷಕ್ಕೆ ಒಂದು ಟನ್ನಿಗಿಂತ ಹೆಚ್ಚು ತಯಾರಿಸುವ, ಸಂಸ್ಕರಿಸುವ, ಬಳಸುವ ಘಟಕ ಪ್ರತಿವರ್ಷ ಲೆಕ್ಕ ಕೊಡಬೇಕು. ಮೂರನೇ ಪಟ್ಟಿಯವು ಭಾರಿ ಪ್ರಮಾಣದಲ್ಲಿ ಬಳಕೆಯಾಗುವಂಥವು: ಫಾಸ್ಜೀನ್, ಥಯೋನಿಲ್ ಕ್ಲೋರೈಡ್, ಫಾಸ್ಫರಸ್ ಆಕ್ಸಿಕ್ಲೋರೈಡ್, ಸೌಂದರ್ಯವರ್ಧಕಗಳಿಗೆ ಹಾಕುವ ಟ್ರೈಇಥನಾಲಮೀನ್. ಇವುಗಳಿಗೆ ಮಿತಿ 30 ಟನ್. ಔಷಧ ಮತ್ತು ಕೀಟನಾಶಕ ಉದ್ಯಮಗಳಿಗೆ ಇವುಗಳಲ್ಲಿ ಕೆಲವು ಇಲ್ಲದೆ ನಡೆಯುವುದಿಲ್ಲ. ವಿದೇಶಕ್ಕೆ ಕಳಿಸುವಾಗ ಸ್ಕೊಮೆಟ್ ಎಂಬ ರಫ್ತು ನಿಯಂತ್ರಣ ಪಟ್ಟಿ ನೋಡಿ ಪರವಾನಗಿ ಪಡೆಯಬೇಕು. ಎರಡನೇ ಪಟ್ಟಿಯ ವಸ್ತುವನ್ನು ಒಪ್ಪಂದಕ್ಕೆ ಸೇರದ ದೇಶಕ್ಕೆ ಮಾರುವುದೇ ಸಲ್ಲದು.

ತಪಾಸಣೆ ಹೇಗೆ ನಡೆಯುತ್ತದೆ? ಎರಡನೇ ಪಟ್ಟಿಯ ಕಾರ್ಖಾನೆಯಾದರೆ 48 ಗಂಟೆ ಮೊದಲು ಹೇಗ್‌ನಿಂದ ದಿಲ್ಲಿಗೆ ಸೂಚನೆ ಬರುತ್ತದೆ, ತಂಡ 96 ಗಂಟೆ ಇರಬಹುದು. ಮೂರನೇ ಪಟ್ಟಿಯದಾದರೆ ಐದು ದಿನ ಮೊದಲು ಸೂಚನೆ, 24 ಗಂಟೆಯ ತಪಾಸಣೆ. ಬಂದವರು ಮೊದಲು ಕೂತು ಕಾರ್ಖಾನೆಯವರ ವಿವರಣೆ ಕೇಳುತ್ತಾರೆ, ಆಮೇಲೆ ಘಟಕ ಸುತ್ತುತ್ತಾರೆ. ಅವರು ಹೆಚ್ಚು ಹೊತ್ತು ಕಳೆಯುವುದು ಕಾಗದದ ಮುಂದೆ. ಎಷ್ಟು ಕಚ್ಚಾವಸ್ತು ಬಂತು, ಎಷ್ಟು ಬ್ಯಾಚ್ ಮಾಡಿದಿರಿ, ಎಷ್ಟು ಸರಕು ಹೋಯಿತು, ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ. ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ತಾಳೆಯಾಗಬೇಕು. ಕೊಳವೆ, ರಿಯಾಕ್ಟರ್‌ಗಳ ಲೋಹ ಯಾವುದು, ಗಾಳಿ ಹೊರಹಾಕುವ ವ್ಯವಸ್ಥೆ ಇರಬೇಕಾದ್ದಕ್ಕಿಂತ ಬಲವಾಗಿದೆಯೇ ಎಂದೂ ನೋಡುತ್ತಾರೆ; ಘೋಷಿಸಿದ ಉತ್ಪನ್ನಕ್ಕೆ ಬೇಡದ ಎಚ್ಚರಿಕೆ ಅಲ್ಲಿದ್ದರೆ ಪ್ರಶ್ನೆ ಏಳುತ್ತದೆ. ಕಂಪನಿಯ ತಯಾರಿಕಾ ಗುಟ್ಟು ಹೊರಹೋಗದಂತೆ ಕಾಪಾಡುವ ನಿಯಮಗಳು ಒಪ್ಪಂದದಲ್ಲೇ ಇವೆ. ರಾಸಾಯನಿಕ ಉದ್ಯಮದ ಗಾತ್ರದಿಂದಾಗಿ ಇಂಥ ತಪಾಸಣೆಗೆ ಹೆಚ್ಚು ಕಾರ್ಖಾನೆಗಳನ್ನು ಒಡ್ಡಿಕೊಂಡ ದೇಶಗಳಲ್ಲಿ ಭಾರತವೂ ಒಂದು. ಲೆಕ್ಕದ ಪುಸ್ತಕ ಸರಿಯಾಗಿ ಬರೆಯುವ ಸ್ಟೋರ್ ಕೀಪರ್, ಬಂದರಿನಲ್ಲಿ ರಫ್ತಿನ ಕಾಗದ ಓದುವ ಕಸ್ಟಮ್ಸ್ ಅಧಿಕಾರಿ ಜಗತ್ತಿನ ಶಾಂತಿಗೆ ಮಾಡುವ ಸೇವೆಯನ್ನು ನಾವು ಎಣಿಸುವುದಿಲ್ಲ. ಎಣಿಸಬೇಕು.

ಭೋಪಾಲದ ಹೆಸರು ಇಲ್ಲಿ ಯಾರ ಮನಸ್ಸಿಗೂ ಬರುತ್ತದೆ. 1984ರ ಡಿಸೆಂಬರ್‌ನ ಆ ರಾತ್ರಿ ಸೋರಿದ ಮೀಥೈಲ್ ಐಸೋಸಯನೇಟ್ ಈ ಮೂರು ಪಟ್ಟಿಗಳಲ್ಲಿ ಯಾವುದರಲ್ಲೂ ಇಲ್ಲ. ಅದನ್ನು ತಯಾರಿಸಲು ಬಳಸುತ್ತಿದ್ದ ಫಾಸ್ಜೀನ್ ಮಾತ್ರ ಇದೆ. ಈ ಒಪ್ಪಂದ ಕಾರ್ಖಾನೆ ಸುರಕ್ಷತೆಯ ಕಾನೂನಲ್ಲ. ಹೇಗ್‌ನ ತಪಾಸಕರು ಬಂದು ಹೋದರು, ಹಾಗಾಗಿ ಸುತ್ತಲಿನ ಊರು ಕ್ಷೇಮ ಎಂದುಕೊಳ್ಳುವಂತಿಲ್ಲ. ಆ ಹೊಣೆ 1986ರ ಪರಿಸರ ಸಂರಕ್ಷಣಾ ಕಾಯ್ದೆ ಮತ್ತು ಅದರಡಿಯ ನಿಯಮಗಳದ್ದು, ರಾಜ್ಯದ ಕಾರ್ಖಾನೆ ಇಲಾಖೆಯದ್ದು.

ಪಟ್ಟಿಗಿಂತಲೂ ಮುಖ್ಯವಾದದ್ದು ಒಪ್ಪಂದದ ವ್ಯಾಖ್ಯೆ. ಅದು ಅಸ್ತ್ರವನ್ನು ಗುರುತಿಸುವುದು ಉದ್ದೇಶದಿಂದ. ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನೇ ಬಾಂಬಿನಲ್ಲಿ ತುಂಬಿ ಜನರ ಮೇಲೆ ಹಾಕಿದರೆ ಅದು ರಾಸಾಯನಿಕ ಅಸ್ತ್ರ. ಅಶ್ರುವಾಯುವಿನ ವಿಚಾರದಲ್ಲಿ ಇದು ಇನ್ನೂ ಸ್ಪಷ್ಟ. ಗಲಭೆ ತಡೆಯಲು ಪೊಲೀಸರು ಅದನ್ನು ಬಳಸಬಹುದು, ಯುದ್ಧಭೂಮಿಯಲ್ಲಿ ಸೈನಿಕ ಬಳಸುವಂತಿಲ್ಲ. ಶತ್ರು ಸೈನಿಕನ ಮೇಲೆ ಹಾಕಬಾರದ್ದನ್ನು ಪ್ರತಿಭಟನೆಗೆ ಬಂದ ನಾಗರಿಕರ ಮೇಲೆ ಹಾಕುವಾಗ ಪೊಲೀಸ್ ಅಧಿಕಾರಿಯ ಕೈ ನೂರು ಬಾರಿ ತಡೆಯಬೇಕು ಎಂದು ನನಗನ್ನಿಸುತ್ತದೆ.

ಕಾನೂನು ಅತಿಯಾಗಿ ಹಿಗ್ಗುವ ಅಪಾಯವೂ ಇಲ್ಲದಿಲ್ಲ. ಅಮೆರಿಕದಲ್ಲಿ ಒಬ್ಬ ಮಹಿಳೆ, ತನ್ನ ಗಂಡನ ಜೊತೆ ಸಂಬಂಧ ಬೆಳೆಸಿದ ಗೆಳತಿಯ ಮೇಲಿನ ಸಿಟ್ಟಿಗೆ ಆಕೆಯ ಮನೆಯ ಬಾಗಿಲ ಹಿಡಿಕೆ, ಟಪಾಲು ಪೆಟ್ಟಿಗೆಗಳಿಗೆ ವಿಷಕಾರಿ ಪುಡಿ ಸವರಿದಳು. ಗೆಳತಿಯ ಹೆಬ್ಬೆರಳಿಗೆ ಸಣ್ಣ ಸುಟ್ಟ ಗಾಯವಾಯಿತು. ಕೇಂದ್ರ ಸರ್ಕಾರ ಆಕೆಯ ಮೇಲೆ ರಾಸಾಯನಿಕ ಅಸ್ತ್ರ ಕಾಯ್ದೆಯಡಿ ಮೊಕದ್ದಮೆ ಹೂಡಿತು. 2014ರಲ್ಲಿ ಸುಪ್ರೀಂ ಕೋರ್ಟ್, ಇದು ಸ್ಥಳೀಯ ಪೊಲೀಸರು ನೋಡಿಕೊಳ್ಳುವ ಅಪರಾಧ, ಈ ಕಾಯ್ದೆ ಇದಕ್ಕಲ್ಲ ಎಂದು ತೀರ್ಪಿತ್ತಿತು. ಅದೇ ಅಮೆರಿಕದ ಜಾರಿ ಕಾಯ್ದೆಯಲ್ಲಿ ಇನ್ನೊಂದು ಬಗೆಯ ದೋಷವಿದೆ. ರಾಷ್ಟ್ರೀಯ ಭದ್ರತೆಯ ಕಾರಣ ಕೊಟ್ಟು ಅಧ್ಯಕ್ಷರು ತಪಾಸಣೆಯನ್ನೇ ನಿರಾಕರಿಸಬಹುದು. ತಪಾಸಕರು ತೆಗೆದ ಮಾದರಿಯನ್ನು ದೇಶದಾಚೆ ಒಯ್ಯುವಂತಿಲ್ಲ. ಹೇಗ್‌ನಲ್ಲಿ ಕೊಟ್ಟ ಮಾತನ್ನು ಮನೆಯ ಕಾನೂನಿನಲ್ಲಿ ಹಿಂದಕ್ಕೆ ಪಡೆದಂತಾಯಿತು. ಭಾರತದಲ್ಲಿ ತಿದ್ದುಪಡಿ ಬೇರೆ ಕಾರಣಕ್ಕೆ ಬಂತು: ಅಲ್ಪಸ್ವಲ್ಪ ಬಳಸುವವರೆಲ್ಲ ನೋಂದಣಿ ಮಾಡಿಸಬೇಕಿಲ್ಲ, ಮಿತಿ ದಾಟಿದವರು ಮಾಡಿಸಿದರೆ ಸಾಕು ಎಂದು 2012ರಲ್ಲಿ ಸಡಿಲಿಸಿದರು.

ಒಪ್ಪಂದ ಸೋತ ಜಾಗಗಳೂ ಇವೆ. 2013ರ ಆಗಸ್ಟ್ 21ರಂದು ಡಮಾಸ್ಕಸ್ ಪಕ್ಕದ ಘೌಟಾದಲ್ಲಿ ಸಾರಿನ್ ಬಿದ್ದ ಮೇಲೆ ಸಿರಿಯಾ ಒತ್ತಡಕ್ಕೆ ಮಣಿದು ಸದಸ್ಯನಾಯಿತು, ಸುಮಾರು 1,300 ಟನ್ ಘೋಷಿಸಿತು. ಅದರಲ್ಲಿ ಅತಿ ಅಪಾಯಕಾರಿಯಾದ ಪಾಲು ಮೆಡಿಟರೇನಿಯನ್ ಸಮುದ್ರದಲ್ಲಿ ಕೇಪ್ ರೇ ಎಂಬ ಹಡಗಿನ ಮೇಲೇ ನಾಶವಾಯಿತು. ಆ ಕಾರ್ಯಾಚರಣೆಗೆ ಭಾರತ ಹತ್ತು ಲಕ್ಷ ಡಾಲರ್ ಕೊಟ್ಟಿತು. ಸಂಸ್ಥೆಗೆ ಆ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆದರೆ 2017ರ ಏಪ್ರಿಲ್‌ನಲ್ಲಿ ಖಾನ್ ಶೇಖೂನ್ ಪಟ್ಟಣದಲ್ಲಿ ಮತ್ತೆ ಸಾರಿನ್ ಬಿತ್ತು. ಸಿರಿಯಾದ ಘೋಷಣೆ ಪೂರ್ತಿಯಾಗಿರಲಿಲ್ಲ. ಇಂಥ ಸಂಶಯಕ್ಕೆಂದೇ ಒಪ್ಪಂದದಲ್ಲಿ ಒಂದು ಬಲವಾದ ಅಸ್ತ್ರವಿದೆ: ಯಾವ ಸದಸ್ಯ ದೇಶವಾದರೂ ಇನ್ನೊಂದು ದೇಶದ ಯಾವುದೇ ಜಾಗಕ್ಕೆ ದಿಢೀರ್ ತಪಾಸಣೆ ಕೇಳಬಹುದು, ಆ ದೇಶ ನಿರಾಕರಿಸುವಂತಿಲ್ಲ. ಇಷ್ಟು ವರ್ಷಗಳಲ್ಲಿ ಒಬ್ಬರೂ ಅದನ್ನು ಕೇಳಿಲ್ಲ. ಇಂದು ನಾನು ಕೇಳಿದರೆ ನಾಳೆ ನನ್ನ ಬಾಗಿಲಿಗೂ ಬಂದಾರು ಎಂಬ ಅಳುಕು ಎಲ್ಲರಿಗೂ ಇದೆ. 193 ದೇಶಗಳ ಈ ಕೂಟದ ನಿಜವಾದ ದೌರ್ಬಲ್ಯ ಇದು. ಹೊರಗೆ ಉಳಿದಿರುವ ಈಜಿಪ್ಟ್, ಉತ್ತರ ಕೊರಿಯಾ, ದಕ್ಷಿಣ ಸುಡಾನ್, ಸಹಿ ಹಾಕಿಯೂ ಅನುಮೋದಿಸದ ಇಸ್ರೇಲ್ ಅದರ ನಂತರದ ಚಿಂತೆ.

ಸಂಸತ್ತಿನ ಪಾಲೆಷ್ಟು?

ಭಾರತದ ಕತೆಯಲ್ಲಿ ನನ್ನನ್ನು ಈಗಲೂ ಕಾಡುವುದು ಆ ಒಂಬತ್ತು ವರ್ಷಗಳ ಅಂತರ ಮತ್ತು ಅದರ ಹಿಂದಿನ ಮೌನ. ಸಂವಿಧಾನದ 253ನೇ ವಿಧಿ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಜಾರಿಗೊಳಿಸುವ ಕಾನೂನು ಮಾಡಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ, ರಾಜ್ಯಗಳ ವಿಷಯವಾದರೂ ಸರಿ. ಆದರೆ ಒಪ್ಪಂದಕ್ಕೆ ಸೇರಬೇಕೇ ಬೇಡವೇ ಎಂಬ ಮೊದಲ ಪ್ರಶ್ನೆಯನ್ನು ಸಂಸತ್ತಿನ ಮುಂದಿಡಲೇಬೇಕೆಂದು ಎಲ್ಲೂ ಹೇಳಿಲ್ಲ. ಕರ್ನಾಟಕಕ್ಕೆ ಇದು ಹೊಸ ವಿಷಯವಲ್ಲ. 1990ರ ದಶಕದ ಆರಂಭದಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರೈತ ಸಂಘ ಜಾಗತಿಕ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವದ ವಿರುದ್ಧ ಬೀದಿಗಿಳಿದದ್ದು ನೆನಪಿದೆಯಲ್ಲ. ಬೀಜದ ಹಕ್ಕಿನ ಜೊತೆಗೆ ಅಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು: ನಮ್ಮ ಹೊಲದ ಮೇಲೆ ಪರಿಣಾಮ ಬೀರುವ ಒಪ್ಪಂದಕ್ಕೆ ನಮ್ಮ ಪ್ರತಿನಿಧಿಗಳನ್ನು ಕೇಳದೆ ಸಹಿ ಹಾಕುವವರು ಯಾರು? ಆ ಚಳವಳಿಯ ಎಲ್ಲ ನಿಲುವುಗಳನ್ನು ಒಪ್ಪದವರೂ ಈ ಪ್ರಶ್ನೆಯನ್ನು ತಳ್ಳಿಹಾಕಲಾರರು.

ರಾಸಾಯನಿಕ ಅಸ್ತ್ರಗಳ ವಿಷಯದಲ್ಲಿ ಸಂಪುಟದ ತೀರ್ಮಾನ ಸರಿಯಾಗಿತ್ತು. ಸಂಸತ್ತಿನಲ್ಲಿ ಮೊದಲೇ ಚರ್ಚೆಯಾಗಿದ್ದರೆ ಒಪ್ಪಿಗೆಯೂ ಸಿಗುತ್ತಿತ್ತು, ಕಾನೂನಿನ ಕರಡೂ ಜೊತೆಯಲ್ಲೇ ಸಿದ್ಧವಾಗುತ್ತಿತ್ತು, 1,044 ಟನ್ನಿನ ಸುದ್ದಿ ದೇಶಕ್ಕೆ ಅಷ್ಟು ಅನಿರೀಕ್ಷಿತವಾಗಿ ಎರಗುತ್ತಿರಲಿಲ್ಲ. ಅಮೆರಿಕದ ಹಾಗೆ ಒಬ್ಬ ಸಮಿತಿ ಅಧ್ಯಕ್ಷ ಇಡೀ ಒಪ್ಪಂದವನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ನಮಗೆ ಬೇಡ. ಆದರೆ ಏನೂ ಇಲ್ಲದಿರುವುದಕ್ಕೂ ಅದಕ್ಕೂ ನಡುವೆ ಬೇಕಾದಷ್ಟು ಜಾಗವಿದೆ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದು ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದ ಎಂ.ಎನ್. ವೆಂಕಟಾಚಲಯ್ಯ ಅವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ ಕೊಟ್ಟ ವರದಿಯಲ್ಲಿ ಆ ಜಾಗವನ್ನು ಗುರುತಿಸಿತ್ತು. ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಕ್ರಮಬದ್ಧಗೊಳಿಸುವ ಕಾನೂನನ್ನು ಸಂಸತ್ತು ರೂಪಿಸಬೇಕು ಎಂಬುದು ಅದರ ಶಿಫಾರಸು. ಆ ಕಾನೂನು ಇನ್ನೂ ಬಂದಿಲ್ಲ. ಬರುವುದಾದರೆ ಅದರಲ್ಲಿ ಎರಡು ಕಟ್ಟಳೆಯಾದರೂ ಇರಲಿ. ಶಸ್ತ್ರ ನಿಯಂತ್ರಣದ ಯಾವುದೇ ಒಪ್ಪಂದವನ್ನು ಅನುಮೋದಿಸುವ ಮೊದಲು ಅದರ ಪೂರ್ಣ ಪಾಠ, ಜಾರಿ ಕಾನೂನಿನ ಕರಡಿನ ಜೊತೆ, ಎರಡೂ ಸದನಗಳ ಮುಂದೆ ಬರಬೇಕು. ಅನುಮೋದಿಸಿದ ಮೇಲೆ ಎಷ್ಟು ಕಾರ್ಖಾನೆಗಳು ಘೋಷಣೆ ಕೊಟ್ಟವು, ಎಷ್ಟು ತಪಾಸಣೆಗಳಾದವು, ಎಷ್ಟು ರಫ್ತು ಅರ್ಜಿಗಳು ತಿರಸ್ಕೃತವಾದವು ಎಂಬ ವರದಿಯನ್ನು ರಾಷ್ಟ್ರೀಯ ಪ್ರಾಧಿಕಾರ ಪ್ರತಿವರ್ಷ ಸದನದಲ್ಲಿ ಮಂಡಿಸಬೇಕು. ರಹಸ್ಯವಾಗಿ ಇಡಬೇಕಾದ್ದನ್ನು ಬಿಟ್ಟು ಉಳಿದದ್ದು ಕನ್ನಡವೂ ಸೇರಿ ಎಲ್ಲ ಭಾಷೆಗಳಲ್ಲಿ ಜನರ ಕೈಗೆ ಸಿಗಬೇಕು.